ಕೂಗನ್ನು ಹೊಡೆದುಹಾಕಿದ ಕಥೆ

ಮಾರ್ಚ್ ೧೪, ಮಧ್ಯಾಹ್ನ

ಪುಟ್ಟೀ,

ಹಾಗೆ ಕರೆಯುವ ಯೋಗ್ಯತೆ ನನಗಿಲ್ಲ ಅಂತೀಯ. ಅನ್ನು. ಓದದೆ ಮಾತ್ರ ಹರಿಯಬೇಡ.

ನನ್ನ ಪುಸ್ತಕದ ಸಂಪಾದಕರ ಮೇಲೆ ನೀನು ಪೊಲೀಸರಿಗೆ ದೂರು ಕೊಟ್ಟ ಸುದ್ದಿ ನಿನ್ನೆ ಪ್ರೆಸ್ಸಿನಲ್ಲಿ ತಿಳಿಯಿತು. ಆಗ ನಿನಗೆ ಹನ್ನೊಂದು ವರ್ಷ, ನಮ್ಮ ಮನೆಗೇ ಬಂದು… ಎಂದು ಬರೆದುಕೊಟ್ಟಿದ್ದೀಯಂತೆ. ಎಲ್ಲರೂ ನನ್ನ ಮುಖ ನೋಡಿದರು. ಹಾಳೆ ಹೊಲಿಯುವ ಅಕ್ಕ ಒಬ್ಬಳೇ ಬಾಯಿಬಿಟ್ಟು ಕೇಳಿದಳು: “ಊರ ಮಕ್ಕಳಿಗೆಲ್ಲ ಕಥೆ ಹೇಳ್ತೀಯ, ನಿನ್ನ ಮಗು ಹೇಳಿದ್ದು ಕಿವಿಗೆ ಬೀಳಲಿಲ್ವೇನೇ?”

ಬಿತ್ತು. ಬಿದ್ದದ್ದನ್ನು ತಿದ್ದಿದೆ.

ನಮ್ಮ ಪದ್ಧತಿ ನೆನಪಿದೆಯಲ್ಲ? ಗ್ರೀಕರ ಪುರಾಣದ ಒಂದೊಂದು ಕಥೆಯನ್ನೂ ಬರೆದು ಮೊದಲು ನಿನಗೆ ಓದುತ್ತಿದ್ದೆ. ನೀನು ತಡೆದು ಪ್ರಶ್ನೆ ಕೇಳಿದಲ್ಲೆಲ್ಲ ಪೆನ್ಸಿಲ್ ಗುರುತು. ಮಕ್ಕಳು ಎಡವುವ ಜಾಗವೆಂದು ಮರುದಿನ ಆ ಸಾಲನ್ನು ನುಣ್ಣಗೆ ಮಾಡುತ್ತಿದ್ದೆ. ಹೂ ಕೊಯ್ಯುತ್ತಿದ್ದ ಹುಡುಗಿಯನ್ನು ಪಾತಾಳದ ದೊರೆ ರಥಕ್ಕೆ ಎಳೆದುಕೊಂಡು ಹೋದ ಕಥೆಯಲ್ಲಿ ನೀನು ತಡೆದೆ. “ಅಮ್ಮಾ, ಅವಳು ಕೂಗಿದ್ದು ಅವರಮ್ಮಂಗೆ ಕೇಳಿಸ್ತಾ? ಕೇಳಿಸಿದ್ರೆ ಯಾಕೆ ಬರ್ಲಿಲ್ಲ?”

ಗುರುತು ಹಾಕಿದೆ. ಮರುದಿನ ಕೂಗನ್ನೇ ಹೊಡೆದುಹಾಕಿದೆ. ದೊರೆ ಅವಳನ್ನು ಎಳೆದೊಯ್ಯಲಿಲ್ಲ, ಕರೆದೊಯ್ದ, ಅವಳು ರಾಣಿಯಾದಳು. ಸಂಪಾದಕರು ಖುಷಿಯಿಂದ, “ನೋಡಮ್ಮ, ಮಕ್ಕಳ ಪುಸ್ತಕ ಅಂದ್ರೆ ಹೀಗಿರ್ಬೇಕು” ಅಂದರು. ‘ಅಂದರು’ ಅಂತೆ! ಆ ಹಲ್ಕಾಗೆ ಇವತ್ತಿಗೂ ಮರ್ಯಾದೆ ಕೊಡುತ್ತಿದೆಯಲ್ಲ, ಈ ಕೈಗೆ ಹುಳ ಬೀಳಲಿ.

ಒಂಬತ್ತು ಸಲ ಅಚ್ಚಾಗಿದೆ ಪುಸ್ತಕ. ಶಾಲೆಶಾಲೆಯಲ್ಲೂ ಹುಡುಗಿಯರು ಅದನ್ನೇ ಓದುತ್ತಿದ್ದಾರೆ. ಬಾಯಿ ಮುಚ್ಚಿಕೊಂಡು ಹೋದರೆ ಕಿರೀಟ ಸಿಗುತ್ತದೆ ಎಂದು ಅವರಿಗೆ ಕಲಿಸಿದವಳು ನಾನು. ಸಾವಿರಾರು ವರ್ಷದ ಹಿಂದಿನ ಗಂಡಸರೂ ಆ ಹುಡುಗಿಯ ಕೂಗನ್ನು ಕಥೆಯಲ್ಲಿ ಉಳಿಸಿದ್ದರು. ಹೆತ್ತವಳು ನಾನು, ಅಳಿಸಿದೆ.

ನಿನ್ನ ಪ್ರಶ್ನೆ ಕಥೆಯದು ಎಂದುಕೊಂಡೆ ಕಣೇ. ನಿನ್ನದೇ ಎಂದು ಹೊಳೆಯಲಿಲ್ಲ. ನಾಡಿದ್ದು ಹೇಳಿಕೆ ಕೊಡಲು ಠಾಣೆಗೆ ಕರೆದಿದ್ದಾರೆ. ನಿನ್ನ ಪರವಾಗಿ ಹೇಳೋಣವೆಂದರೆ, ನನಗೆ ಏನೂ ಗೊತ್ತಿರಲಿಲ್ಲ. ಅಷ್ಟನ್ನೇ ಹೇಳಿ ಬರುತ್ತೇನೆ. ಹೊಟ್ಟೆಗೆ ಸರಿಯಾಗಿ ತಿನ್ನು.

ನಿನ್ನ
ಅಮ್ಮ

ಸಹಿ ಹಾಕಿದ ಮೇಲೆ: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ಗೊತ್ತಿರಲಿಲ್ಲ ಎಂದದ್ದು ಸುಳ್ಳು. ಆ ದಿನ ಒಳಕೋಣೆಯಿಂದ ನೀನು “ಅಮ್ಮಾ” ಎಂದದ್ದು ಎರಡು ಸಲ ಕೇಳಿಸಿತು. ಅವನು ಒಳಗಿದ್ದಾನೆ ಎಂದೂ ಗೊತ್ತಿತ್ತು. ಗೋಡೆಯ ಈಚೆ ಕೂತು ಬರೆಯುತ್ತಿದ್ದೆ. ಎದ್ದು ಬಂದರೆ ಪುಸ್ತಕ ಕೈತಪ್ಪುತ್ತದೆ ಅನ್ನಿಸಿತು. ಏಳಲಿಲ್ಲ. ಠಾಣೆಯಲ್ಲಿ ಇದನ್ನು ಹೇಳಲು ನನ್ನ ನಾಲಿಗೆ ಹೊರಳುತ್ತದೆಂದು ನಂಬಬೇಡ. ಈ ಕಾಗದವನ್ನು ಪೊಲೀಸರ ಕೈಗೆ ಕೊಡು.