ಮಂಜುಗಡ್ಡೆಯ ಮೇಲೆ ಅಮ್ಮನನ್ನು ತೇಲಿಸಿದವನಿಗೆ

ಶ್ರೀಧರಣ್ಣಾ,

ನೀನು ಗೋಲ್ ಕಾಯುವುದನ್ನು ಮೊದಲು ನೋಡಿದ ಆ ಸಂಜೆ ನನಗೆ ಈಗಲೂ ಕನಸಿನ ಹಾಗೆಯೇ ನೆನಪಿಗೆ ಬರುತ್ತದೆ. ನಾರ್ತ್ ಕ್ಯಾರೊಲಿನಾದ ಸಣ್ಣ ಊರು. ಹೊರಗೆ ಸೆಕೆ, ಒಳಗೆ ಐಸ್. ಯಾರೋ ಹಿಂಬಾಗಿಲು ತೆರೆದಿಟ್ಟಿದ್ದರಿಂದ ಐಸ್ ಮೇಲೆಲ್ಲ ಮಂಜು ಎದ್ದು, ಐಸ್ ಹಾಕಿ ಆಡುವವರು ಮೋಡದಲ್ಲಿ ಜಾರುತ್ತಿದ್ದರು. ನೀನೊಬ್ಬನೇ ಬಲೆಯ ಮುಂದೆ ಬಿಳಿ ಮುಖವಾಡ ತೊಟ್ಟು ಅಲುಗದೆ ನಿಂತಿದ್ದೆ. ಅವರು ಹೊಡೆಯುತ್ತಿದ್ದ ಆ ಕಪ್ಪು ರಬ್ಬರ್ ಬಿಲ್ಲೆ, ಪಕ್, ನನಗೆ ಕಾಣಿಸಲೇ ಇಲ್ಲ. ನಿನಗೆ ಹೇಗೆ ಕಾಣುತ್ತಿತ್ತೋ? ಪಕ್ಕದಲ್ಲಿ ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಅಪ್ಪ ಬಂದಿರಲಿಲ್ಲ. ನಮ್ಮ ಮನೆಯಿದ್ದ ಜರ್ಮನ್‌ಟೌನಿನಲ್ಲಿ ಯಾರಾದರೂ ಕೇಳಿದರೆ, ಮಗ ಕ್ಯಾರೊಲಿನಾದಲ್ಲಿ ಕೆಲಸದಲ್ಲಿದ್ದಾನೆ ಎಂದಷ್ಟೇ ಹೇಳಿ, ಹಾಕಿಯ ಹೆಸರೆತ್ತದೆ ಮಾತು ಬದಲಿಸುತ್ತಿದ್ದರು.

ಆ ಫೋನ್ ಬಂದಾಗ ಅಮ್ಮ ಒಗ್ಗರಣೆ ಹಾಕುತ್ತಿದ್ದಳು. ಪ್ರಾಕ್ಟೀಸ್ ನಡುವೆ ನೀರು ಕುಡಿಯಲು ನೀನು ಮುಖವಾಡ ಎತ್ತಿದ್ದೆಯಂತೆ. ನಿಮ್ಮ ತಂಡದವನೇ ಹೊಡೆದ ಪಕ್ ಗೋಲಿನ ಕಂಬಕ್ಕೆ ತಾಗಿ ಎಡಗಣ್ಣಿಗೆ ಬಡಿದಿತ್ತು. ದೃಷ್ಟಿ ಮರಳಲಿಲ್ಲ. ಮನೆಗೆ ಬಂದವನು ಪರದೆ ಎಳೆದುಕೊಂಡು ಮಲಗಿದೆ. ಲೋಟಕ್ಕೆ ನೀರು ಬಗ್ಗಿಸಿದರೆ, ಒಂದೇ ಕಣ್ಣಿಗೆ ಅಳತೆ ಸಿಗದೆ, ಮೇಜಿನ ಮೇಲೆ ಚೆಲ್ಲುತ್ತಿತ್ತು. ನೀನು ಆಟಕ್ಕಾಗಿ ಬಿಟ್ಟ ಕಾಲೇಜಿನ ಮಾತನ್ನು ಅಪ್ಪ ತೆಗೆದರೆ ಗೋಡೆಯ ಕಡೆ ತಿರುಗುತ್ತಿದ್ದೆ. ಇನ್ನೂ ಇಪ್ಪತ್ತೈದು ದಾಟದ ನಿನಗೆ ಆಗ ಏನನಿಸುತ್ತಿತ್ತೋ...

ಒಂದು ಭಾನುವಾರ ಮಧ್ಯಾಹ್ನ ಅಮ್ಮ ಹಟ ಹಿಡಿದು ನಮ್ಮನ್ನು ಐಸ್ ಮೇಲೆ ಜಾರುವ ರಿಂಕಿಗೆ ಹೊರಡಿಸಿದಳು. ಉಣ್ಣೆಯ ಕಾಲುಚೀಲದ ಮೇಲೆ ಬಾಡಿಗೆ ಸ್ಕೇಟ್ಸ್ ಕಟ್ಟಿ, ಸೀರೆ ಎತ್ತಿ ಸಿಕ್ಕಿಸಿಕೊಂಡು ನಿನ್ನ ಮುಂದೆ ನಿಂತಳು.

"ನಂಗೂ ಕಲ್ಸು."

"ಬೇಡಮ್ಮ, ಬಿದ್ದುಬಿಡ್ತೀಯ."

"ಬೀಳ್ತೀನಿ. ನೀನು ಎತ್ತು."

ನಿನ್ನ ಉತ್ತರಕ್ಕೂ ಕಾಯದೆ ಐಸ್ ಮೇಲೆ ಕಾಲಿಟ್ಟು, ಕಟಕಟೆ ಹಿಡಿದು ನಡುಗುತ್ತ ನಿಂತಳು. ನೀನು ಓಡಿಹೋಗಿ ಸ್ಕೇಟ್ಸ್ ಹಾಕಿಕೊಂಡು ಬಂದೆ. ಅವಳ ಎರಡೂ ಕೈ ಹಿಡಿದು, ಕೆಳಗೆ ನೋಡಬೇಡ, ನನ್ನನ್ನೇ ನೋಡು ಎನ್ನುತ್ತ ಹಿಂದಕ್ಕೆ ಜಾರತೊಡಗಿದೆ. ಅಮ್ಮ ತೇಲಿದಳು. ಹಸಿರು ಸೆರಗು, ಬಿಳಿ ಐಸ್; ಮೇಲಿನ ದೀಪಗಳು ಅವಳ ಕಾಲ ಕೆಳಗೂ ಉರಿಯುತ್ತಿದ್ದವು. ನೀನು ಕೋಚ್ ಆದದ್ದು ಅವತ್ತೇ ಅಲ್ಲವೇ?

ಆಮೇಲೆ ಕೋಚ್ ಕೆಲಸಕ್ಕೆಂದು ಅಟ್ಲಾಂಟಾ ಪಕ್ಕದ ನಾರ್‌ಕ್ರಾಸಿಗೆ ಹೋದೆ. ಅಲ್ಲಿನ ನಿನ್ನ ಅಪಾರ್ಟ್‌ಮೆಂಟಿನಿಂದ ಬರುತ್ತಿದ್ದ ಫೋನುಗಳಲ್ಲಿ ಬೇರೆಯೇ ದನಿ ಇತ್ತು. ಅಟ್ಲಾಂಟಾದ ಸೆಕೆಯಲ್ಲಿ, ಹಿಮವನ್ನೇ ಸರಿಯಾಗಿ ಕಾಣದ ಮಕ್ಕಳಿಗೆ ಹಾಕಿ ಕಲಿಸುತ್ತಿದ್ದೆ. ಗೋಲಿಗೆ ಟಾಶಾ ಎಂಬ ಹುಡುಗಿಯನ್ನು ನಿಲ್ಲಿಸಿದ್ದೆ. ಒಮ್ಮೆ, ಸೋತ ದಿನವೇ, ಹೇಳಿದೆ: "ಆಗ ನಂಗೆ ಬರೀ ಪಕ್ ಕಾಣ್ತಿತ್ತು ಕಣೇ. ಈಗ ಇಡೀ ರಿಂಕ್ ಕಾಣತ್ತೆ." ಪ್ರತಿ ಸೀಸನ್ನಿಗೂ ಪಂದ್ಯ ನೋಡಲು ನೀನು ಅಪ್ಪನನ್ನು ಕರೆಯುತ್ತಿದ್ದೆ. ಅವರಿಗೆ ಯಾವಾಗಲೂ ರಜೆ ಇರುತ್ತಿರಲಿಲ್ಲ.

ನಿದ್ದೆಯಲ್ಲೇ ನಿನ್ನ ಹೃದಯ ನಿಂತಿತು ಎಂದರು. ಅದರ ಬಗ್ಗೆ ಬರೆಯಲು ನನ್ನಿಂದ... ಬೇಡ. ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಆ ವಾರ ಇದ್ದ, ಸೀಸನ್ನಿನ ಕೊನೆಯ ಪಂದ್ಯವನ್ನು ಬಿಟ್ಟುಬಿಡೋಣವೇ ಎಂದು ಮಕ್ಕಳ ತಂದೆತಾಯಂದಿರು ಕೇಳಿದರು. ಆಡಲಿ ಎಂದಳು ಅಮ್ಮ. ನಾವು ಮೂವರೂ ಹೋಗಿ ಕೂತೆವು. ಹೌದು, ಅಪ್ಪನೂ.

ನಿನ್ನ ಮಕ್ಕಳು ಒಂದು ಗೋಲಿನಿಂದ ಸೋತರು ಅಣ್ಣ. ಟಾಶಾ ಬಲೆಯ ಮುಂದೆಯೇ ಕುಸಿದು ಅತ್ತಳು. ಅಪ್ಪ ಎದ್ದು ಮೆಟ್ಟಿಲಿಳಿದು, ಆಟಗಾರರು ಹೊರಬರುವ ಬಾಗಿಲಲ್ಲಿ ಕಾದು ನಿಂತರು. ಅವಳು ಬಂದಾಗ, "ನಾನು ನಿನ್ನ ಕೋಚ್‌ನ ಅಪ್ಪ" ಎಂದು ಇಂಗ್ಲಿಷಿನಲ್ಲಿ ಹೇಳಿ, ಅವಳ ದಪ್ಪ ಗ್ಲೌಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಎಷ್ಟೋ ಹೊತ್ತು ಬಿಡಲಿಲ್ಲ.

ಕಾರು ಹೈವೇ ಸೇರಿದ ಮೇಲೆ ಅಪ್ಪ ನನ್ನನ್ನು ಕೇಳಿದರು: "ಮುಂದಿನ ಸೀಸನ್ ಯಾವಾಗ ಶುರುವಾಗತ್ತೆ, ವಿಚಾರಿಸಿದ್ಯಾ?"

ವಿಚಾರಿಸಿದ್ದೇನೆ ಅಣ್ಣ. ಅಕ್ಟೋಬರಿನಲ್ಲಿ. ಮೂವರೂ ಹೋಗುತ್ತೇವೆ.

ನಿನ್ನ ತಂಗಿ,
ಶೈಲಾ