ರೈಯಾಳ ಪಾಸ್‌ವರ್ಡ್

ಔಲಿಸ್ ಅವರಿಗೆ, ಕೆಮಿ ಊರಿನಿಂದ ಹಿಲ್ಕಾ ಮಾಡುವ ನಮಸ್ಕಾರ.

ನಿಮ್ಮ ದವಡೆ ಮುರಿದವಳು ಬರೆಯುತ್ತಿದ್ದೇನೆ. ಈ ಕಾಗದವನ್ನು ಒಲೆಗೆ ಹಾಕಬೇಕೆನ್ನಿಸಿದರೆ ತಪ್ಪೇನಿಲ್ಲ, ಆದರೆ ಪೂರ್ತಿ ಓದಿ ಆಮೇಲೆ ಹಾಕಿ.

ನನ್ನ ತಂಗಿ ರೈಯಾ ಕೊನೆಯ ಆರು ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲವೆಂಬುದು ನಿಮಗೆ ಗೊತ್ತು. ನಾವು ಮೂವರೂ ಆಡುತ್ತಿದ್ದ ಆ ಆನ್‌ಲೈನ್ ಆಟದೊಳಗೆ ಮಾತ್ರ ಅವಳು ಕೆಂಪು ಕುದುರೆಯೇರಿ ತೋಳಗಳನ್ನು ಬೆನ್ನಟ್ಟುತ್ತಿದ್ದಳು. ನಿಮ್ಮ ಮುಖವನ್ನು ಒಮ್ಮೆಯೂ ನೋಡದ ನಾವಿಬ್ಬರು ಪ್ರತಿ ಭಾನುವಾರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಿಮ್ಮ ದನಿಯ ಹಿಂದೆ ಓಡುತ್ತಿದ್ದೆವು. ಅವಳು ಹಳ್ಳಕ್ಕೆ ಬಿದ್ದರೆ ನೀವು, "ಏಳೇ ಕೋತಿ, ರೈಲು ಹೊರಟಾಯ್ತು!" ಎಂದು ರೇಗಿಸುತ್ತಿದ್ದಿರಿ. ಮೂವತ್ತು ವರ್ಷ ರೈಲು ಓಡಿಸಿದವರಲ್ಲವೇ. ಉಸಿರು ಸಿಕ್ಕದಿದ್ದರೂ ಅವಳು ನಗುತ್ತಿದ್ದಳು.

ನವೆಂಬರಿನಲ್ಲಿ ಅವಳು ಹೋದಳು. ಆಟದಲ್ಲಿನ ಅವಳನ್ನು ನಾನು ಅಳಿಸಲಿಲ್ಲ. ಅವಳದೇ ಪಾಸ್‌ವರ್ಡ್ ಹಾಕಿ ಒಳಹೋಗಿ, ಅವಳನ್ನು ಕುದುರೆಯ ಮೇಲೆ ಕೂರಿಸಿ, ಸುಮ್ಮನೆ ನೋಡುತ್ತಿದ್ದೆ.

ಏಪ್ರಿಲ್‌ನ ಆ ಶನಿವಾರ ಬೆಳಿಗ್ಗೆ ಅವಳ ಖಾತೆಗೆ ನಿಮ್ಮ ಹೆಸರಿನಲ್ಲಿ ಸಂದೇಶ ಬಂತು. "ನಮ್ಮ ತಂಡಕ್ಕೊಂದು ವೋಟ್ ಹಾಕಮ್ಮ, ಇವತ್ತೇ ಕೊನೆ." ಕೆಳಗೊಂದು ಲಿಂಕ್. ಅವಳ ಖಾತೆ ತೆರೆಯುವವಳು ನಾನೆಂದು ನಿಮಗೆ ಗೊತ್ತಿತ್ತಲ್ಲ, ನನಗೇ ಕಳಿಸಿದ್ದೀರೆಂದುಕೊಂಡೆ. ಒತ್ತಿದೆ. ಆಟದ್ದೇ ಪುಟ, ಅದೇ ಬಣ್ಣ, ಅದೇ ಚಿತ್ರ. ವಿಳಾಸದಲ್ಲಿ ಒಂದೇ ಒಂದು ಅಕ್ಷರ ಬೇರೆಯಿತ್ತು, ಅದನ್ನು ನಾನು ನೋಡಲಿಲ್ಲ. ರೈಯಾಳ ಪಾಸ್‌ವರ್ಡ್ ಬರೆದುಬಿಟ್ಟೆ.

ಮುಂದಿನದೆಲ್ಲ ನನ್ನ ಕಣ್ಣೆದುರೇ ನಡೆಯಿತು. ನಾನು ಆಟದಲ್ಲಿ ನನ್ನ ಖಾತೆಯಿಂದ ಅವಳ ಪಕ್ಕದಲ್ಲೇ ನಿಂತಿದ್ದೆ. ಯಾರೋ ಅವಳ ಕತ್ತಿ ಕಿತ್ತುಕೊಂಡರು. ಮೇಲಂಗಿ ಹೋಯಿತು, ಬೂಟು ಹೋಯಿತು. ಕುದುರೆ ಕಣ್ಮರೆಯಾಯಿತು. ಹೆಣದ ಮೈಮೇಲಿಂದ ಬಟ್ಟೆ ಬಿಚ್ಚಿದ ಹಾಗೆ ಒಂದೊಂದನ್ನೇ ಬಿಚ್ಚಿ, ಬರಿಮೈಯವಳನ್ನು ಮಂಜಿನಲ್ಲಿ ನಿಲ್ಲಿಸಿ, ಕೊನೆಗೆ ಅವಳನ್ನೇ ಅಳಿಸಿದರು. ನಾನು ಪರದೆಗೆ ಗುದ್ದಿದೆ. ಗಾಜು ಮುಷ್ಟಿಗೆ ಇಳಿಯಿತು.

ರೈಯಾ ಸತ್ತಾಗ ನೀವು ಕಳಿಸಿದ್ದ ಹಣ್ಣಿನ ಜಾಮ್‌ನ ಪೊಟ್ಟಣದ ಮೇಲೆ ನಿಮ್ಮ ವಿಳಾಸವಿತ್ತು. ಹಡಗುಕಟ್ಟೆಯಲ್ಲಿ ನಾನು ಬಳಸುವ ದೊಡ್ಡ ಪೈಪ್ ಸ್ಪ್ಯಾನರ್ ಕಾರಿನಲ್ಲೇ ಇತ್ತು. ನಿಮ್ಮೂರು ಟೋರ್ನಿಯೊ ತಲುಪುವಾಗ ನಡುಮಧ್ಯಾಹ್ನ. ಕೈಯಿಂದ ಸುರಿದ ರಕ್ತಕ್ಕೆ ಸ್ಟೀರಿಂಗ್ ಜಾರುತ್ತಿತ್ತು.

ನೀವು ಏಪ್ರನ್ ಕಟ್ಟಿಕೊಂಡು ಬಾಗಿಲು ತೆಗೆದಿರಿ. ಒಳಗೆ ಮೀನು ಹುರಿಯುವ ವಾಸನೆ. "ನಾನು ಹಿಲ್ಕಾ" ಎಂದೆ. ನಿಮ್ಮ ಮುಖ ಅರಳಿತು. "ಅಯ್ಯೋ, ಹಿಲ್ಕಾನಾ! ಬಾಮ್ಮ ಒಳಗೆ, ಕಾಫಿ ಇಡ್ತೀನಿ. ಕೈಗೇನಾಯ್ತು?"

ಮೊದಲ ಏಟು ಮೊಣಕೈಗೆ. ಮೂಳೆ ಲಟಕ್ಕೆಂದದ್ದು ಸ್ಪ್ಯಾನರಿನ ಮೂಲಕ ನನ್ನ ಅಂಗೈಗೆ ಬಂತು. ಎರಡನೆಯದು ಭುಜಕ್ಕೆ. ನೀವು ಮೊಣಕಾಲೂರಿ ಬಿದ್ದಿರಿ. "ಅವಳನ್ನ ಯಾಕೋ ಕೊಂದೆ, ಮುದಿಯಾ?" ಎಂದು ಕಿರುಚಿ, ಅಡ್ಡ ಹಿಡಿದ ಬೆರಳುಗಳ ಮೇಲೆ ಮೂರನೆಯದನ್ನು ಹಾಕಿದೆ. ನಾಲ್ಕನೆಯದು ಪಕ್ಕೆಗೆ. ಐದನೆಯದು ದವಡೆಗೆ. ಹಲ್ಲೊಂದು ಹಾರಿ ಪಾದರಕ್ಷೆಗಳ ನಡುವೆ ಬಿತ್ತು. ಆರನೆಯದಕ್ಕೆ ಕೈಯೆತ್ತಿದಾಗ ಪಕ್ಕದ ಮನೆಯ ಸಿರ್ಕಾ ಮಂಜು ಬಾಚುವ ಸಲಿಕೆಯಿಂದ ನನ್ನ ಬೆನ್ನಿಗೆ ಬಾರಿಸಿದಳು. "ಬಿಡೇ ಅವನನ್ನ! ಸತ್ತೇ ಹೋಗ್ತಾನೆ, ಹುಚ್ಚುಮುಂಡೆ!" ಮೀನು ಬಾಣಲೆಯಲ್ಲಿ ಸೀಯುತ್ತಿತ್ತು.

ಠಾಣೆಯಲ್ಲಿ ವಿಷಯ ತಿಳಿಯಿತು. ಗುರುವಾರವೇ ನಿಮ್ಮ ಸೋದರಳಿಯನ ಹೆಸರಿನಲ್ಲಿ ನಿಮಗೂ ಅಂಥದೇ ಸಂದೇಶ ಬಂದಿತ್ತು. ನೀವೂ ನಂಬಿ ಪಾಸ್‌ವರ್ಡ್ ಕೊಟ್ಟಿದ್ದಿರಿ. ಹಾಗೆ ಕದ್ದ ನಿಮ್ಮ ಹೆಸರಿನಿಂದಲೇ ಅವರು ರೈಯಾಳ ಖಾತೆಗೆ ಬಲೆ ಬೀಸಿದ್ದರು. ಅವರು ಯಾರು, ಯಾವ ದೇಶದವರು, ಇವತ್ತಿಗೂ ಗೊತ್ತಾಗಿಲ್ಲ. ನನ್ನ ಫೋನ್ ನಂಬರ್ ನಿಮ್ಮಲ್ಲಿರಲಿಲ್ಲ. ಶುಕ್ರವಾರ ನೀವು ಅಂಚೆಗೆ ಹಾಕಿದ ಕಾರ್ಡು ಸೋಮವಾರ ನನ್ನ ಮನೆಗೆ ಬಂತು, ಆಗ ನಾನು ಲಾಕಪ್ಪಿನಲ್ಲಿದ್ದೆ. "ಹಿಲ್ಕಾ, ನನ್ನ ಹೆಸರಲ್ಲಿ ಏನೇ ಬಂದ್ರೂ ಮುಟ್ಟಬೇಡ. ನಮ್ಮ ಹುಡುಗಿ ಜೋಪಾನ."

ಕೋರ್ಟಿಗೆ ನೀವು ತಂತಿ ಬಿಗಿದ ದವಡೆಯಲ್ಲಿ ಬಂದಿರಿ. ಎಡಗೈಯಲ್ಲಿ ಬರೆದುಕೊಟ್ಟಿರಿ: ನಾನಲ್ಲ ಅಂತ ಹೇಳಿದೆ, ದುಃಖದಲ್ಲಿ ಆಕೆಗೆ ಕೇಳಿಸಲಿಲ್ಲ, ಜೈಲಿಗೆ ಹಾಕಬೇಡಿ. ಕೇಳಿಸಿತ್ತೇ ಎಂದು ನ್ಯಾಯಾಧೀಶರು ನನ್ನನ್ನು ಕೇಳಿದರು. ಇಲ್ಲ ಎಂದೆ. ಅವರು ನನ್ನನ್ನು ಮನೆಗೆ ಕಳಿಸಿದರು.

ಸುಳ್ಳು ಹೇಳಿದೆ, ಔಲಿಸ್. ಮೂರನೇ ಏಟಾದ ಮೇಲೆ ನೀವು ಮುರಿದ ಬೆರಳುಗಳನ್ನು ಎದೆಗೊತ್ತಿಕೊಂಡು, "ನಾನಲ್ಲ ಕಣಮ್ಮ, ನನ್ನದೂ ಕದ್ದುಬಿಟ್ರು" ಎಂದಿರಿ. ಪ್ರತಿಯೊಂದು ಮಾತೂ ಕೇಳಿಸಿತು. ನಿಜವೆಂದೂ ಗೊತ್ತಾಯಿತು. ನೀವಲ್ಲದಿದ್ದರೆ, ಆ ಪುಟದಲ್ಲಿ ರೈಯಾಳ ಪಾಸ್‌ವರ್ಡ್ ಬರೆದುಕೊಟ್ಟ ನಾನೊಬ್ಬಳೇ ಉಳಿಯುತ್ತಿದ್ದೆ. ಅದನ್ನು ತಾಳಲಾರದೆ ಇನ್ನೆರಡು ಹೊಡೆದೆ. ನಿಮ್ಮ ದವಡೆ ಹೋದದ್ದು ಎಲ್ಲ ಗೊತ್ತಿದ್ದೂ ಹೊಡೆದ ಏಟಿಗೆ.

ಇಂದು ಬೆಳಿಗ್ಗೆ ಇದನ್ನೇ ಬರೆದು ಠಾಣೆಗೆ ಕೊಟ್ಟು ಬಂದೆ. ಈ ಸಲ ಅವರೇನು ಕೇಳಿದರೂ ದಯವಿಟ್ಟು ನನ್ನ ಪರ ಒಂದಕ್ಷರವೂ ಬರೆಯಬೇಡಿ. ಕ್ಷಮೆ ಕೇಳುವ ಮುಖ ನನಗಿಲ್ಲ.

ನಿಮ್ಮ ಬೆರಳುಗಳು ಬೇಗ ಮಡಚುವಂತಾಗಲಿ, ಗಟ್ಟಿ ರೊಟ್ಟಿಯನ್ನು ನೋವಿಲ್ಲದೆ ಅಗಿಯುವ ದಿನ ನಿಮಗೆ ಬರಲಿ.

ಎಲ್ಲ ಕೇಳಿಸಿಕೊಂಡೂ ಹೊಡೆದವಳು,
ಹಿಲ್ಕಾ