ವಿಮಾನ ದಾಟಿಹೋಗುವ ತನಕ

ಬೇಗಂಪೇಟೆ, ಹೈದರಾಬಾದ್
೨೭ ಜನವರಿ ೨೦೨೪

ಸ್ನೇಹಲತಾಬಾಯಿಯವರಿಗೆ,

ಪ್ರಾಣೇಶನ ನಮಸ್ಕಾರಗಳು. ‘ಪ್ರಿಯ’ ಎಂದು ಬರೆದು ಹೊಡೆದುಹಾಕಿದೆ. ‘ಪೂಜ್ಯ’ ಎಂದು ಬರೆದು ಅದನ್ನೂ ಹೊಡೆದುಹಾಕಿದೆ, ನೀವು ನನಗಿಂತ ಸಣ್ಣವರು. ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಿದರೆ ಕಾಲೇಜಿನ ಇಂಗ್ಲಿಷಿನಲ್ಲಿ ಮುಂದೆ ನೆನಪಾಗುವುದು ರಜೆ ಅರ್ಜಿ ಮಾತ್ರ. ಫೋನನ್ನಂತೂ ನೀವು ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದವರು ನೀವು, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿ. ಅಷ್ಟಾದರೂ ಬರಲಿ.

ಹೋದ ಭಾನುವಾರ ನೀವು ಮೆಹದಿಪಟ್ಟಣದಿಂದ ಬಸ್ಸು ಬದಲಿಸಿಕೊಂಡು ನಾನು ಮಾಡಿದ ಪುಟ್ಟ ವಿಮಾನಗಳನ್ನು ನೋಡಲು ಬಂದಿರಿ. ಕನ್ನಡ ಸಂಘದ ಸಭೆಯಲ್ಲಿ ಅವುಗಳ ಬಗ್ಗೆ ನಾನು ಅಷ್ಟು ಕೊರೆದಿದ್ದೆನಲ್ಲ. ಸೂರಿನಿಂದ ದಾರದಲ್ಲಿ ತೂಗುವ ಅವನ್ನೆಲ್ಲ ಕತ್ತೆತ್ತಿ ನೋಡಿ, ಇದರಲ್ಲಿ ಯಾವುದು ಹಾರಿದೆ ಎಂದು ಕೇಳಿದಿರಿ. ಒಂದೂ ಇಲ್ಲ ಎಂದೆ. ನಕ್ಕಿರಿ.

ನಿಜವಾಗಿ ಹಾರಿದ ವಿಮಾನಗಳ ಮಾದರಿಯನ್ನು ಎಲ್ಲರೂ ಮಾಡುತ್ತಾರೆ. ನಾನು ವಿಮಾನ ನಿಲ್ದಾಣದ ಉಗ್ರಾಣದಲ್ಲಿ ಬಿಡಿಭಾಗ ಎಣಿಸುತ್ತಿದ್ದಾಗ ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ‘ಪ್ರಪೋಸ್ಡ್ ವೇರಿಯಂಟ್’ಗಳ, ಅಂದರೆ ಮುಂದೆ ಮಾಡಲಿದ್ದ ವಿಮಾನಗಳ, ಬಣ್ಣದ ಚಿತ್ರಗಳು ಬರುತ್ತಿದ್ದವು. ಕಂಪನಿಯವರು ಹೆಸರಿಟ್ಟು, ಅಳತೆ ಹಾಕಿ, ಇಂಥ ವರ್ಷ ಹಾರುತ್ತದೆ ಎಂದೂ ಹೇಳಿ, ಆಮೇಲೆ ಸುಮ್ಮನಾಗುತ್ತಿದ್ದರು. ಬಾಲದಲ್ಲೊಂದು, ರೆಕ್ಕೆಗೊಂದೊಂದು, ಹೀಗೆ ಮೂರೇ ಎಂಜಿನ್ನಿನ ಗಿಡ್ಡ ಜಂಬೋ ನೋಡಿದಿರಲ್ಲ, ಅದೂ ಹಾಗೇ. ರೆಕ್ಕೆಯನ್ನೇ ಹೊಸದಾಗಿ ಮಾಡಬೇಕಾಗುತ್ತದೆ ಎಂದು ಕೈಬಿಟ್ಟರು.

ನನ್ನವು ಲಗ್ನಪತ್ರಿಕೆಯ ದಪ್ಪ ಕಾಗದದವು. ಅದಕ್ಕೇ ಕೆಲವದರ ರೆಕ್ಕೆಯ ತುದಿಗೆ ಅರಿಷಿಣ ಹತ್ತಿದೆ. ಲಗ್ನ ಆಗುವ ತನಕ ಪತ್ರಿಕೆಗೆ ಕತ್ತರಿ ತಾಗಬಾರದು ಎಂದು ನನ್ನ ಹೆಂಡತಿ ಸುಂದರಾಬಾಯಿಯ ಕಟ್ಟುನಿಟ್ಟು. ಅವಳು ಹೋದ ಮೇಲೂ ನಾನು ಮೀರಿಲ್ಲ. ನೀವು ತಂದುಕೊಟ್ಟ ನಿಮ್ಮ ತಂಗಿಯ ಮಗಳು ಹರ್ಷಿತಾಳ ಪತ್ರಿಕೆಯನ್ನೂ ಹಾಗೇ ಇಟ್ಟಿದ್ದೇನೆ.

ನೋಡಿ, ಮತ್ತೆ ವಿಮಾನಕ್ಕೇ ಹೋದೆ. ವಿಷಯಕ್ಕೆ ಬರುತ್ತೇನೆ.

ಚಹಾ ಆದ ಮೇಲೆ ನೀವು ಕಪ್ಪನ್ನು ಕೆಳಗಿಟ್ಟು ಹೇಳಿದಿರಿ: ‘ಪ್ರಾಣೇಶರಾವ್, ನನ್ನ ಮನ್ಯಾಗ ಒಂದು ಖೋಲಿ ಸುಮ್ನ ಬಿದ್ದೈತ್ರಿ. ನೀವಿಲ್ಲೊಬ್ರು, ನಾ ಅಲ್ಲೊಬ್ಬಾಕಿ. ಮಂದಿ ಏನರೆ ಅನ್ಲಿ, ಬಂದಿರ್ತೀರೇನ್ರಿ?’

ಅಷ್ಟರಲ್ಲಿ, ಇಲ್ಲಿಯ ಹಳೇ ನಿಲ್ದಾಣದಲ್ಲಿ ನಡೆದಿದ್ದ ಏರ್ ಶೋದ ವಿಮಾನವೊಂದು ಮನೆಯ ಮೇಲೇ ಹೋಯಿತು. ನಾನು ಸುಮ್ಮನಾದೆ. ಅದು ದಾಟಿತು. ಆಗಲೂ ನಾನು ಸುಮ್ಮನೇ ಇದ್ದೆ. ನೀವು ನನ್ನ ಮುಖ ನೋಡಿದಿರಿ, ಚೀಲ ತೆಗೆದುಕೊಂಡಿರಿ, ಬಸ್ಸಿಗೆ ಹೊತ್ತಾಯಿತು ಎಂದಿರಿ.

ಬಾಯಿಯವರೇ, ಅದು ಒಲ್ಲೆನೆಂಬ ಮೌನ ಅಲ್ಲ. ರನ್‌ವೇ ಬಗಲಲ್ಲಿ ಬದುಕಿದವರ ಮನೆಯ ರೂಢಿ ಅದು. ವಿಮಾನ ಬಂದರೆ ಮಾತು ಅಲ್ಲೇ ನಿಲ್ಲಬೇಕು, ಚೀರಿ ಉಪಯೋಗವಿಲ್ಲ. ದಾಟಿದ ಮೇಲೆ, ಯಾರ ಮಾತು ನಿಂತಿತ್ತೋ ಅವರು ಕೊನೆಯ ಶಬ್ದವನ್ನು ಇನ್ನೊಮ್ಮೆ ಹೇಳಬೇಕು, ಅಲ್ಲಿಂದ ಮುಂದಿನ ಮಾತು. ಸುಂದರಾಬಾಯಿ ‘ಅನ್ನಕ್ಕ ಇಡ್ಲೇನು’ ಎಂದು ಕೇಳಿ, ಸೌಟು ಹಿಡಿದು ನಿಂತು, ಸದ್ದು ಕರಗಿದ ಮೇಲೆ ‘ಇಡ್ಲೇನು’ ಎನ್ನುತ್ತಿದ್ದಳು. ನಾನು ಆಗ ಹೂಂ ಎನ್ನುತ್ತಿದ್ದೆ. ವಿಮಾನಗಳೆಲ್ಲ ಶಂಷಾಬಾದಿನ ಹೊಸ ನಿಲ್ದಾಣಕ್ಕೆ ಹೋದವು, ರೂಢಿ ಇಲ್ಲೇ ಉಳಿಯಿತು. ಅವಳು ತೀರಿಕೊಂಡ ಮೇಲೆ, ಅಪರೂಪಕ್ಕೆ ಒಂದು ವಿಮಾನ ಬಂದರೆ ನಾನು ಈಗಲೂ ತಡೆದು ನಿಲ್ಲುತ್ತೇನೆ. ದಾಟಿದ ಮೇಲೆ ಏನೂ ಶುರುವಾಗುವುದಿಲ್ಲ.

ನೀವು ಕೊನೆಯ ಶಬ್ದ ಹೇಳುತ್ತೀರೆಂದು ನಾನು ಕಾದೆ. ನಿಮಗೆ ಅದು ಹೇಗೆ ಗೊತ್ತಾಗಬೇಕು?

ನನ್ನ ಜೊತೆ ಉಗ್ರಾಣದಲ್ಲಿದ್ದ ಕಾಶಿನಾಥನಿಗೆ ಇದನ್ನು ಹೇಳಿದೆ. ಅವನು ಹಣೆ ಹಣೆ ಬಡಿದುಕೊಂಡ. ‘ಹೆಣ್ಮಗಳು ತಾನಾಗಿ ಬಾಯಿಬಿಟ್ಟು ಕೇಳ್ಯಾಳ, ನೀ ಮಾಳಗಿ ನೋಡ್ಕೋತ ಕುಂತಿಯೇನೋ ಪ್ರಾಣ್ಯಾ? ನಿನಗ ರನ್‌ವೇ ತೊಳದು ಕೊಟ್ರೂ ಇಳೀಲಿಕ್ಕೆ ಬರಂಗಿಲ್ಲ’ ಎಂದ. ನಗಿಸುವುದಕ್ಕೇ ಅಂದಿದ್ದು. ನನಗೆ ನಗು ಬರಲಿಲ್ಲ.

ನಾನು ಇಲ್ಲಿ ಆರಾಮಿದ್ದೇನೆ, ಗತಿಯಿಲ್ಲದೆ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಮೂಲೆಯ ಖಾನಾವಳಿಯ ಊಟ ಇದೆ, ಅಂಟು ಕತ್ತರಿ ಇವೆ. ಆ ಎರಡಂತಸ್ತಿನ ದೊಡ್ಡ ಏರ್‌ಬಸ್ಸಿನ ರೆಕ್ಕೆಯನ್ನು, ಮುಂದೆ ಬರಲಿದ್ದ ಇನ್ನೂ ಉದ್ದನೆಯ ತಮ್ಮನನ್ನು ನೆನೆದೇ ದೊಡ್ಡದು ಮಾಡಿದ್ದರಂತೆ. ಬೆಳೆಯುವ ಮಕ್ಕಳಿಗೆ ನಾವು ದೊಡ್ಡ ಅಂಗಿ ಹೊಲಿಸುವುದಿಲ್ಲವೇ, ಹಾಗೆ. ತಮ್ಮ ಬರಲೇ ಇಲ್ಲ. ಈ ಮನೆಯ ಹಜಾರದಲ್ಲಿ ಸಂಜೆ ಕೂತರೆ ನನಗೆ ಆ ರೆಕ್ಕೆಯೇ ನೆನಪಾಗುತ್ತದೆ. ಇರಲಿ.

ನಾನು ಕೇಳಿಕೊಳ್ಳುವುದು ಇಷ್ಟೇ. ನಾಳೆ ಬಿಟ್ಟು ಮುಂದಿನ ಭಾನುವಾರ ಸಂಘದ ಸಭೆ ಇದೆ. ಅಲ್ಲಿಗೆ ಬಂದು, ಅಂದು ನಿಂತ ಶಬ್ದವನ್ನು ಇನ್ನೊಮ್ಮೆ ಹೇಳಿ. ಮನಸ್ಸು ಬದಲಾಗಿದ್ದರೆ ಬೇಡ, ನನ್ನದೇನೂ ದೂರಿಲ್ಲ. ‘ಕೈಂಡ್ಲಿ ಕನ್ಸಿಡರ್ ಮೈ ಕೇಸ್’ ಎಂದು ಮುಗಿಸುತ್ತೇನೆ. ರಜೆ ಅರ್ಜಿಯ ಕೊನೆಯೂ ನೆನಪಾಯಿತು ನೋಡಿ.

ನಿಮ್ಮ ಮಾತಿಗೆ ಕಾದಿರುವ,
ಪ್ರಾಣೇಶ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಮೇಲೊಂದು ವಿಮಾನ ಬಂತು. ಕೈ ನಿಂತಿತು. ಅದು ದಾಟಿದ ಮೇಲೆ ನಿಮ್ಮ ಶಬ್ದವನ್ನು ನಾನೇ ಗಟ್ಟಿಯಾಗಿ ಹೇಳಿದೆ, ‘ಬಂದಿರ್ತೀರೇನ್ರಿ’ ಎಂದು. ಹೂಂ ಎಂದೂ ನಾನೇ ಅಂದೆ. ಸೋಮವಾರವೇ ದಾರಗಳನ್ನೆಲ್ಲ ಬಿಚ್ಚಿ ವಿಮಾನಗಳನ್ನು ಡಬ್ಬಿಗಳಿಗೆ ತುಂಬಿಟ್ಟಿದ್ದೇನೆ. ಮೂರು ಎಂಜಿನ್ನಿನದು ಬಾಲದಿಂದಾಗಿ ಯಾವ ಡಬ್ಬಿಯಲ್ಲೂ ಹಿಡಿಯಲಿಲ್ಲ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತರಬೇಕು. ಆ ಖೋಲಿಯ ಸೂರಿಗೆ ಕೊಂಡಿ ಇದೆಯೇ, ಇಲ್ಲ ನಾನೇ ಒಂದು ತರಲೇ?